ವಿಮಾನ ಹತ್ತುವ ಮುಂಚೆ ಮುಖಕ್ಕೆ ಏನು ಹಚ್ಚಬೇಕು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ರಾತ್ರಿ ವಿಮಾನ, ಹತ್ತು ಹದಿನೈದು ಗಂಟೆ ಪ್ರಯಾಣ, ಇಳಿಯುವಾಗ ಮುಖ ಬಿಗಿದುಕೊಂಡಿರುತ್ತದೆ, ತುಟಿ ಒಡೆದಿರುತ್ತದೆ, ಕೈಕಾಲು ಬಿಳಿಚಿಕೊಂಡಿರುತ್ತದೆ. ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು, ಆಫೀಸ್ ಕೆಲಸಕ್ಕೆ ಓಡಾಡುವವರು, ಕೈಗೂಸಿನ ತಾಯಿ, ವಿಮಾನದಲ್ಲೇ ಕೆಲಸ ಮಾಡುವವರು, ಎಲ್ಲರೂ ಬರೆದಿದ್ದಾರೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಆದ್ದರಿಂದ ಎಲ್ಲರದ್ದೂ ಊರು ಮಾತ್ರ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ. ವಯಸ್ಸು 61. ನಡುರಾತ್ರಿ ಕಳೆದು ಬೆಂಗಳೂರಿನಿಂದ ವಿಮಾನ, ಮಧ್ಯೆ ಒಂದು ಕಡೆ ಇಳಿದು ಹತ್ತಬೇಕು. ಚಳಿಗಾಲ ಬಂದರೆ ಮನೆಯಲ್ಲೇ ನನ್ನ ಮೈ ಒಡೆಯುತ್ತದೆ, ಕಾಲಲ್ಲಿ ನವೆ ಬೇರೆ. ಪಕ್ಕದ ಮನೆಯವರು ವಿಮಾನದಲ್ಲಿ ಇನ್ನೂ ಜಾಸ್ತಿ ಎಂದು ಹೆದರಿಸಿದ್ದಾರೆ. ಗಂಟೆಗೊಂದು ಬಾಟಲಿ ನೀರು ಕುಡಿಯಬೇಕಂತೆ, ಕಾಫಿ ಮುಟ್ಟಬಾರದಂತೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಏನು ಮಾಡಲಿ? – ಮೈಸೂರು

ಅಮ್ಮ, ಮೊದಲು ಆ ನೀರಿನ ವಿಷಯ. ವಿಮಾನದಲ್ಲಿ ಚರ್ಮ ಒಣಗುವುದು ಒಳಗೆ ನೀರು ಕಮ್ಮಿಯಾಗಿ ಅಲ್ಲ. ಹೊರಗಿನ ಒಣ ಗಾಳಿ ಚರ್ಮದ ಮೇಲ್ಪದರದ ತೇವವನ್ನು ಎಳೆದುಕೊಳ್ಳುತ್ತದೆ, ಅಷ್ಟೇ. ಹಾಗೆ ಹೆಚ್ಚುವರಿಯಾಗಿ ಹೋಗುವ ನೀರು ಇಡೀ ರಾತ್ರಿಗೆ ಒಂದು ಲೋಟದ ಆಸುಪಾಸು ಇರಬಹುದು. ಅದಕ್ಕೋಸ್ಕರ ಬಾಟಲಿಗಟ್ಟಲೆ ಕುಡಿದರೆ ಆ ನೀರು ಮುಖಕ್ಕೆ ಹೋಗುವುದಿಲ್ಲ, ನೀವು ಟಾಯ್ಲೆಟ್‌ಗೆ ಹೋಗುತ್ತೀರಿ. ಅದೂ ಕಿಟಕಿ ಪಕ್ಕದ ಸೀಟಾದರೆ ಮಲಗಿದ ಇಬ್ಬರನ್ನು ಎಬ್ಬಿಸಿಕೊಂಡು. ಬಾಯಾರಿದಾಗ ಕುಡಿಯಿರಿ, ಊಟದ ಜೊತೆ ಕುಡಿಯಿರಿ, ಗಗನಸಖಿ ಲೋಟ ತಂದಾಗ ಬೇಡ ಅನ್ನಬೇಡಿ, ಸಾಕು. ಇನ್ನೊಂದು ವಿಷಯ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುವಂಥವು. ನಿಮ್ಮದು ಅಂಥದ್ದೇ ಎಂದು ಡಾಕ್ಟರನ್ನು ಕೇಳಿ, ಪ್ರಯಾಣದ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅನ್ನುವುದನ್ನೂ ಕೇಳಿ. ನೀವಾಗಿ ನಿಲ್ಲಿಸಬೇಡಿ. ಹೃದಯ, ಕಿಡ್ನಿ ತೊಂದರೆ ಇರುವವರಂತೂ ಯಾರೋ ಹೇಳಿದರು ಎಂದು ಲೀಟರ್‌ಗಟ್ಟಲೆ ನೀರು ಕುಡಿಯಲೇಬಾರದು.

ಕಾಫಿ ಕುಡಿಯಿರಿ. ದಿನಾ ಕುಡಿದು ಅಭ್ಯಾಸ ಇರುವವರಿಗೆ ಎರಡು ಲೋಟ ಕಾಫಿಯಿಂದ ಮೈ ಒಣಗುವುದಿಲ್ಲ. ನಿದ್ದೆ ಕೆಡುತ್ತದೆ, ಅದು ಬೇರೆ ಮಾತು. ವಿಮಾನದ ಕಾಫಿ ನಿಮಗೆ ಇಷ್ಟವಾಗುತ್ತದೆಯೋ ಇಲ್ಲವೋ, ಅದೂ ಬೇರೆ ಮಾತು.

ಈಗ ಮುಖ್ಯ ಕೆಲಸ. ನಡುರಾತ್ರಿ ಕಳೆದು ವಿಮಾನ ಅಂದರೆ ಮೈಸೂರಿನಿಂದ ಸಂಜೆಯೇ ಹೊರಡುತ್ತೀರಿ, ಅಲ್ವಾ? ಹೊರಡುವ ಮುಂಚೆ ಸ್ನಾನ ಮಾಡಿ, ಆದರೆ ಸುಡುಸುಡು ನೀರು ಬೇಡ, ಉಗುರು ಬೆಚ್ಚಗಿರಲಿ. ಅವತ್ತು ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜಬೇಡಿ, ಮೈಯಲ್ಲಿ ಇರುವ ಜಿಡ್ಡನ್ನೂ ತೆಗೆದುಬಿಡುತ್ತವೆ. ಸೋಪು ಕಂಕುಳು, ಕಾಲಿನ ಕಡೆಗೆ ಸಾಕು. ಟವೆಲ್‌ನಲ್ಲಿ ಒತ್ತಿ ಒರೆಸಿಕೊಂಡು, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಮಾಯಿಶ್ಚರೈಸರ್ ಕ್ರೀಮನ್ನೋ ಕೈಕಾಲಿಗೆಲ್ಲ ಹಚ್ಚಿ. ಈ ಹಸಿ ಇರುವಾಗ ಅನ್ನುವುದೇ ಗುಟ್ಟು. ಎಣ್ಣೆ, ವ್ಯಾಸಲೀನ್ ಇವು ತೇವ ಕೊಡುವುದಿಲ್ಲ, ಇರುವ ತೇವ ಹೋಗದ ಹಾಗೆ ಮುಚ್ಚುತ್ತವೆ. ಒಣಗಿದ ಮೇಲೆ ಹಚ್ಚಿದರೆ ಮುಚ್ಚುವುದಕ್ಕೆ ಒಳಗೆ ಏನಿರುತ್ತದೆ ಹೇಳಿ.

ಮೊಣಕಾಲ ಕೆಳಗೆ, ಹಿಮ್ಮಡಿಗೆ, ಮೊಣಕೈಗೆ ಮೇಲಿಂದ ತೆಳ್ಳಗೆ ವ್ಯಾಸಲೀನ್ ಸವರಿ ಹತ್ತಿ ಕಾಲುಚೀಲ ಹಾಕಿಕೊಳ್ಳಿ. ವಯಸ್ಸಾದ ಹಾಗೆ ಚರ್ಮದ ಜಿಡ್ಡು ಕಮ್ಮಿಯಾಗುತ್ತದೆ, ಮೊದಲು ಗೊತ್ತಾಗುವುದೇ ಮೊಣಕಾಲ ಕೆಳಗೆ. ನಿಮಗೆ ನವೆ ಬರುವುದೂ ಅದಕ್ಕೇ. ತುಂಬು ತೋಳಿನ ಹತ್ತಿ ಚೂಡಿದಾರ್ ಇದ್ದರೆ ಒಳ್ಳೆಯದು. ಸೀರೆಯೇ ಸರಿ ಅನ್ನುವುದಾದರೆ ಮೇಲೊಂದು ಶಾಲು. ಮುಚ್ಚಿದ ಮೈ ಕಮ್ಮಿ ಒಣಗುತ್ತದೆ.

ಮನೆಯಲ್ಲಿ ಮುಖಕ್ಕೆ ಹಚ್ಚಿದ್ದು ವಿಮಾನ ಹತ್ತುವ ಹೊತ್ತಿಗೆ ಕಾರಿನ ಎಸಿ, ದೇವನಹಳ್ಳಿಯ ಎಸಿ ಎಲ್ಲ ಸೇರಿ ಹೊರಟುಹೋಗಿರುತ್ತದೆ. ಹತ್ತುವ ಅರ್ಧ ಗಂಟೆ ಮುಂಚೆ ವಾಶ್‌ರೂಮ್‌ನಲ್ಲಿ ಬರೀ ನೀರಲ್ಲಿ ಮುಖ ತೊಳೆದು, ಒತ್ತಿ ಒರೆಸಿ, ಇನ್ನೊಮ್ಮೆ ಕ್ರೀಮ್ ಹಚ್ಚಿ. ತುಟಿಗೆ ವ್ಯಾಸಲೀನ್. ಮಧ್ಯೆ ಇಳಿದಾಗ ಮತ್ತೊಮ್ಮೆ ಇದನ್ನೇ ಮಾಡಿ. ಸೀಟಲ್ಲಿ ಕೂತು ಪದೇ ಪದೇ ಹಚ್ಚುವುದು ಬೇಕಿಲ್ಲ, ನಿದ್ದೆ ಮಾಡಿ.

ಕಾಲು ಊದುತ್ತದೆ ಅಂತಲೂ ಹೆದರಿಸಿರಬಹುದು. ಅದು ಕೂತಲ್ಲೇ ಕೂತಿದ್ದಕ್ಕೆ ಆಗುವುದು, ಚರ್ಮಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಗಾಗ ಎದ್ದು ಓಡಾಡಿ. ಟಾಯ್ಲೆಟ್‌ಗೆ ಮಾತ್ರ ಬರಿಗಾಲಲ್ಲಿ, ಬರೀ ಕಾಲುಚೀಲದಲ್ಲಿ ಹೋಗಬೇಡಿ. ನೆಲದ ಮೇಲೆ ಒದ್ದೆ ಇರುವುದೆಲ್ಲ ನೀರಲ್ಲ. ಸಕ್ಕರೆ ಕಾಯಿಲೆ ಇದ್ದು ಹಿಮ್ಮಡಿ ಬಿರುಕು ಬಿಟ್ಟಿರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ನಮ್ಮ ಬೇಸಿಗೆಯಲ್ಲಿ ಬೆಳೆದವರಿಗೆ ಒಣ ಗಾಳಿ ಹೊಸದಲ್ಲ. ಆದರೂ ಫ್ರಾಂಕ್‌ಫರ್ಟ್‌ಗೆ ಹೋಗಿ ಇಳಿಯುವಷ್ಟರಲ್ಲಿ ಮುಖ ಹಪ್ಪಳ ಆಗಿತ್ತು. ವಿಮಾನದ ಎಸಿಯನ್ನು ಯಾಕೆ ಅಷ್ಟು ಜೋರಾಗಿ ಇಡುತ್ತಾರೆ? – ರಾಯಚೂರು

ಎಸಿ ಜೋರಿಟ್ಟಿದ್ದಕ್ಕಲ್ಲ ಸ್ವಾಮಿ. ವಿಮಾನ ಹಾರುವುದು 35 ಸಾವಿರ ಅಡಿ, ಅದಕ್ಕೂ ಮೇಲೆ. ಅಲ್ಲಿ ಹೊರಗೆ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇರುತ್ತದೆ. ಅಷ್ಟು ತಣ್ಣಗಿರುವ ಗಾಳಿಯಲ್ಲಿ ನೀರಿನ ಅಂಶ ನಿಲ್ಲುವುದೇ ಇಲ್ಲ. ಆ ಗಾಳಿಯನ್ನೇ ಒಳಗೆ ತಂದು, ಒತ್ತಡ ಹಾಕಿ, ನಮಗೆ ಹಿತವಾಗುವ ಬಿಸಿಗೆ ತಂದು ಬಿಡುತ್ತಾರೆ. ಬಿಸಿಯಾಯಿತು, ನೀರು ಮಾತ್ರ ಸೇರಲಿಲ್ಲ. ಕ್ಯಾಬಿನ್‌ನಲ್ಲಿ ಓಡಾಡುವ ಗಾಳಿಯಲ್ಲಿ ಸರಿಸುಮಾರು ಅರ್ಧ ಹೀಗೆ ಹೊರಗಿಂದ ಬಂದದ್ದು, ಉಳಿದರ್ಧ ಒಳಗಿನದನ್ನೇ ಸೋಸಿ ಮತ್ತೆ ಬಿಟ್ಟದ್ದು. ತೇವಾಂಶ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಇರುತ್ತದೆ, ದೂರದ ಪ್ರಯಾಣದಲ್ಲಿ ಇನ್ನೂ ಕೆಳಗೆ ಇಳಿಯುವುದೂ ಉಂಟು. ನಿಮ್ಮೂರಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿ ಹೆಚ್ಚುಕಮ್ಮಿ ಅದೇ ಲೆಕ್ಕಕ್ಕೆ ಬರುತ್ತದೆ. ಆದರೆ ಊರಲ್ಲಿ ಬೆವರುತ್ತೀರಿ, ಸಂಜೆ ಮೈ ತೊಳೆಯುತ್ತೀರಿ, ರಾತ್ರಿ ಗಾಳಿ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಬೆವರೂ ಇಲ್ಲ, ಬದಲಾಗುವುದೂ ಇಲ್ಲ, ಮೇಲಿಂದ ತೂತಿನ ಗಾಳಿ ನೇರ ಮುಖಕ್ಕೆ. ಆ ತೂತನ್ನು ಪಕ್ಕಕ್ಕೆ ತಿರುಗಿಸಿ. ಪೂರ್ತಿ ಮುಚ್ಚಬೇಕಿಲ್ಲ.

ಬೋಯಿಂಗ್ 787, ಏರ್‌ಬಸ್ ಎ350 ತರಹದ ಹೊಸ ವಿಮಾನಗಳ ಮೈಯಲ್ಲಿ ಕಾರ್ಬನ್ ಫೈಬರ್ ಜಾಸ್ತಿ, ಲೋಹದ ಹಾಗೆ ತುಕ್ಕಿನ ಭಯ ಇಲ್ಲ. ಹಾಗಾಗಿ ಒಳಗೆ ತುಸು ಜಾಸ್ತಿ ತೇವ ಇಡಬಹುದು. ಟಿಕೆಟ್‌ನ ಬೆಲೆ ಒಂದೇ ಆಗಿದ್ದರೆ ಅವನ್ನು ಆರಿಸಿಕೊಳ್ಳಿ. ಅದಕ್ಕೋಸ್ಕರ ಐದು ಸಾವಿರ ಜಾಸ್ತಿ ಕೊಡುವಷ್ಟು ವ್ಯತ್ಯಾಸ ಏನಿಲ್ಲ.

ಬಿಸಿನೆಸ್ ಕ್ಲಾಸ್‌ನಲ್ಲಿ ಚರ್ಮ ಒಣಗುವುದಿಲ್ಲವಂತೆ, ನಿಜವೇ? – ಬೆಂಗಳೂರು

ತದ್ವಿರುದ್ಧ. ವಿಮಾನದೊಳಗೆ ಇರುವ ಚೂರುಪಾರು ತೇವ ಬರುವುದೇ ಜನರ ಉಸಿರು, ಬೆವರಿನಿಂದ. ಹಿಂದೆ ಜನ ಒತ್ತೊತ್ತಾಗಿ ಕೂತಿರುತ್ತಾರೆ, ಅಲ್ಲಿ ತೇವ ಕೊಂಚ ಜಾಸ್ತಿ. ಮುಂದೆ ನಾಲ್ಕು ಜನಕ್ಕೆ ಇಷ್ಟು ದೊಡ್ಡ ಜಾಗ, ಗಾಳಿ ಇನ್ನೂ ಒಣ. ಲಕ್ಷಗಟ್ಟಲೆ ಕೊಟ್ಟು ಹೆಚ್ಚು ಒಣಗುವ ಭಾಗ್ಯ! ಕಾಲು ಚಾಚಿ ಮಲಗುವುದಕ್ಕೆ ದುಡ್ಡು ಕೊಡುತ್ತೀರಿ ಅಂದುಕೊಳ್ಳಿ, ಚರ್ಮಕ್ಕಲ್ಲ. ಕೆಲವು ವಿಮಾನಗಳಲ್ಲಿ ಮುಂದಿನ ಕ್ಲಾಸಿಗೆ ತೇವ ಸೇರಿಸುವ ಯಂತ್ರ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ.

ವಯಸ್ಸು 29, ಐಟಿ ಕೆಲಸ, ಸ್ಯಾನ್ ಫ್ರಾನ್ಸಿಸ್ಕೋಗೆ ಆಗಾಗ ಹೋಗಬೇಕಾಗುತ್ತದೆ. ನನ್ನದು ಎಣ್ಣೆ ಮುಖ, ಮೊಡವೆ ಬೇರೆ. ವಿಮಾನದಲ್ಲಿ ಮುಖ ಮೊದಲು ಒಣಗುತ್ತದೆ, ಆಮೇಲೆ ಜಿಡ್ಡು ಜಿಡ್ಡಾಗುತ್ತದೆ, ಇಳಿದ ಮೂರನೇ ದಿನಕ್ಕೆ ಮೊಡವೆ. ಕ್ರೀಮ್ ಹಚ್ಚಿದರೆ ಇನ್ನೂ ಜಾಸ್ತಿಯಾದೀತು ಅನ್ನುವ ಭಯ. ಸೀರಂ, ಶೀಟ್ ಮಾಸ್ಕ್ ಎಲ್ಲ ತಂದಿಟ್ಟುಕೊಂಡಿದ್ದೇನೆ. – ವೈಟ್‌ಫೀಲ್ಡ್, ಬೆಂಗಳೂರು

ಜಿಡ್ಡು ಬೇರೆ, ತೇವ ಬೇರೆ. ಎಣ್ಣೆ ಮುಖದಲ್ಲೂ ನೀರು ಕಮ್ಮಿಯಾಗಬಹುದು, ನಿಮಗೆ ಆಗುತ್ತಿರುವುದು ಅದೇ. ಜಿಡ್ಡು ಕಂಡ ತಕ್ಷಣ ಟಾಯ್ಲೆಟ್‌ಗೆ ಹೋಗಿ ಫೇಸ್‌ವಾಶ್ ಹಾಕಿ ತಿಕ್ಕುತ್ತೀರಿ ಅಂತ ನನ್ನ ಊಹೆ. ಅದನ್ನು ನಿಲ್ಲಿಸಿ. ಟಿಶ್ಯೂನಲ್ಲಿ ಒತ್ತಿ ತೆಗೆಯಿರಿ, ಸಾಕು.

ನಿಮಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಮುಖಕ್ಕೆ ಬೇಡ. ವ್ಯಾಸಲೀನ್ ತಾನಾಗಿ ರಂಧ್ರ ಮುಚ್ಚಿ ಮೊಡವೆ ತರುತ್ತದೆ ಅನ್ನುವುದು ಅಷ್ಟು ಸರಿಯಲ್ಲ, ಆದರೆ ಮೊಡವೆ ಮುಖಕ್ಕೆ ರಾತ್ರಿಯಿಡೀ ಆ ಅಂಟು ಹಿತವಾಗುವುದಿಲ್ಲ. ಕೊಬ್ಬರಿ ಎಣ್ಣೆ ಮಾತ್ರ ನಿಜಕ್ಕೂ ಮೊಡವೆ ಜಾಸ್ತಿ ಮಾಡಬಹುದು. ಗ್ಲಿಸರಿನ್, ಡೈಮೆಥಿಕೋನ್ ಇರುವ, ವಾಸನೆ ಇಲ್ಲದ, ಹಗುರ ಲೋಷನ್ ಹುಡುಕಿ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಡೈಮೆಥಿಕೋನ್ ಜಿಡ್ಡಿಲ್ಲದೆ ಮೇಲಿಂದ ಮುಚ್ಚುತ್ತದೆ.

ನಿಮ್ಮ ಸೀರಂ ಹೈಲುರಾನಿಕ್ ಆಸಿಡ್‌ನದ್ದು ಅಂದುಕೊಳ್ಳುತ್ತೇನೆ. ಅದು ಪಕ್ಕದಲ್ಲಿ ಎಲ್ಲಿ ನೀರಿದೆಯೋ ಅಲ್ಲಿಂದ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಗಾಳಿಯಲ್ಲೂ ನೀರಿದೆ, ತೊಂದರೆ ಇಲ್ಲ. ವಿಮಾನದ ಗಾಳಿಯಲ್ಲಿ ನೀರೇ ಇಲ್ಲ, ಹಾಗಾಗಿ ಕೆಳಗಿನ ಚರ್ಮದಿಂದಲೇ ಎಳೆದು ಗಾಳಿಗೆ ಬಿಡುತ್ತದೆ. ಹಸಿ ಮುಖಕ್ಕೆ ಹಚ್ಚಿ, ಮೇಲೆ ಲೋಷನ್ ಹಾಕಿದರೆ ಸರಿ. ಸೀರಂ ಒಂದನ್ನೇ ಹಚ್ಚಿ ಕೂತರೆ ಹಚ್ಚದಿದ್ದರೇ ವಾಸಿ. ರೋಸ್ ವಾಟರ್‌ಗೆ ಗ್ಲಿಸರಿನ್ ಬೆರೆಸಿ ಹಚ್ಚುತ್ತಾರಲ್ಲ, ನಮ್ಮ ಮನೆಗಳ ಹಳೇ ಸೀರಂ, ಅದಕ್ಕೂ ಇದೇ ಮಾತು.

ಶೀಟ್ ಮಾಸ್ಕ್, ಅಂದರೆ ಮುಖಕ್ಕೆ ಅಂಟಿಸಿಕೊಳ್ಳುವ ಆ ಒದ್ದೆ ಬಟ್ಟೆ, ಮನೆಯಲ್ಲಿ ಹಿಂದಿನ ರಾತ್ರಿ ಹಾಕಿಕೊಳ್ಳಿ. ವಿಮಾನದಲ್ಲಿ ಬೇಡ. ಹತ್ತು ನಿಮಿಷದಲ್ಲಿ ಆ ಬಟ್ಟೆಯೇ ಒಣಗುತ್ತದೆ, ಕತ್ತಲಲ್ಲಿ ಪಕ್ಕದ ಸೀಟಿನವರು ಎಚ್ಚರಗೊಂಡು ಬೆಚ್ಚಿಬೀಳುತ್ತಾರೆ. ರೆಟಿನಾಲ್, ಗ್ಲೈಕಾಲಿಕ್ ಆಸಿಡ್ ಹಚ್ಚುವವರಾದರೆ ಹೊರಡುವ ಎರಡು ಮೂರು ರಾತ್ರಿ ಮುಂಚೆಯೇ ನಿಲ್ಲಿಸಿ. ಕುಡಿಯುವ ಅಭ್ಯಾಸ ಇದೆಯೋ ಇಲ್ಲವೋ ಬರೆದಿಲ್ಲ. ಇದ್ದರೆ, ಬಿಟ್ಟಿ ಸಿಗುತ್ತದೆ ಎಂದು ಮೂರನೇ ಪೆಗ್ ಕೇಳಬೇಡಿ, ನಿದ್ದೆಯೂ ಕೆಡುತ್ತದೆ, ಮೈ ನೀರೂ ಹೋಗುತ್ತದೆ.

ಇನ್ನೊಂದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಶುರು ಮಾಡಿದಾಗ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಮಹಿಳಾ ಪೈಲಟ್‌ಗಳೇ ಹಾರಿಸಿಕೊಂಡು ಬಂದಿದ್ದು ನೆನಪಿರಬಹುದು. ಅಷ್ಟು ಉತ್ತರಕ್ಕೆ ಹೋದರೆ ಜೂನ್ ಜುಲೈನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ವಿಮಾನ ಅಂತ ಟಿಕೆಟ್‌ನಲ್ಲಿ ಇದ್ದರೂ ಹೊರಗೆ ಬಿಸಿಲು. ಕಿಟಕಿ ಒಂದು ತರಹದ ಅತಿನೇರಳೆ ಕಿರಣವನ್ನು ತಡೆಯುತ್ತದೆ, ಇನ್ನೊಂದು ತರಹದ್ದು ಸ್ವಲ್ಪ ಒಳಗೆ ಬರುತ್ತದೆ. ಕಿಟಕಿ ಸೀಟಾದರೆ ಪರದೆ ಇಳಿಸಿ, ಇಲ್ಲ ಸನ್‌ಸ್ಕ್ರೀನ್ ಹಚ್ಚಿ.

ಮುಖಕ್ಕೆ ಹೊಡೆದುಕೊಳ್ಳುವ ಮಿಸ್ಟ್ ಸ್ಪ್ರೇ ತಂದಿದ್ದೇನೆ, ಸಾವಿರದ ಮೇಲಾಯಿತು. ಗಂಟೆಗೊಮ್ಮೆ ಹೊಡೆದುಕೊಂಡರೆ ಸಾಕಾ? – ಹುಬ್ಬಳ್ಳಿ

ಹೊಡೆದ ನೀರು ಎರಡು ನಿಮಿಷದಲ್ಲಿ ಆರುತ್ತದೆ, ಚರ್ಮಕ್ಕೆ ಉಳಿಯುವುದು ಏನೂ ಇಲ್ಲ. ಮತ್ತೆ ಮತ್ತೆ ಒದ್ದೆ ಮಾಡಿ ಒಣಗಿಸಿದರೆ ಇನ್ನೂ ಬಿಗಿಯುತ್ತದೆ. ದುಡ್ಡು ಕೊಟ್ಟಾಗಿದೆ, ಬಿಸಾಡಬೇಡಿ. ಒಂದು ಸಲ ಹೊಡೆದುಕೊಂಡು ತಕ್ಷಣ ಮೇಲೆ ಕ್ರೀಮ್ ಹಚ್ಚಿ. ಮುಗಿದ ಮೇಲೆ ಇನ್ನೊಂದು ಕೊಳ್ಳಬೇಡಿ, ನಲ್ಲಿ ನೀರೇ ಆಗುತ್ತದೆ.

ಹತ್ತು ತಿಂಗಳ ಮಗುವನ್ನು ಕರೆದುಕೊಂಡು ಗಂಡನ ಹತ್ತಿರ ಡಬ್ಲಿನ್‌ಗೆ ಹೋಗುತ್ತಿದ್ದೇನೆ. ಮಗುವಿನ ಕೆನ್ನೆ ಈಗಲೇ ಒರಟು. ಏನು ಹಚ್ಚಲಿ? ಮೂಗು ಕಟ್ಟಿದರೆ? – ಕುಂದಾಪುರ

ಕುಂದಾಪುರದ ಗಾಳಿಯಲ್ಲಿ ಬೆಳೆದ ಮಗುವಿಗೆ ಕ್ಯಾಬಿನ್ ಗಾಳಿ ಪೂರ್ತಿ ಹೊಸದು. ಆದರೂ ಹೆದರಬೇಡಿ. ಹೊಸದೇನನ್ನೂ ಅವತ್ತು ಹಚ್ಚಬೇಡಿ. ಮನೆಯಲ್ಲಿ ಯಾವ ಎಣ್ಣೆ, ಯಾವ ಕ್ರೀಮ್ ಒಗ್ಗಿದೆಯೋ ಅದೇ. ಕೆನ್ನೆಗೆ, ಗಲ್ಲಕ್ಕೆ, ಜೊಲ್ಲು ಸುರಿಯುವ ಕಡೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಜೊಲ್ಲಿನಿಂದ ಕೆಂಪಾಗುವುದೂ ತಪ್ಪುತ್ತದೆ. ಘಮಘಮ ಬೇಬಿ ವೈಪ್ಸ್‌ನಲ್ಲಿ ಮುಖ ಒರೆಸಬೇಡಿ, ಹತ್ತಿ ಬಟ್ಟೆ ಒದ್ದೆ ಮಾಡಿ ಒರೆಸಿ. ಪೌಡರ್ ಬೇಡವೇ ಬೇಡ.

ಮೂಗಿಗೆ ಸಲೈನ್ ಡ್ರಾಪ್ಸ್ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಬರೀ ಉಪ್ಪುನೀರು. ಮಕ್ಕಳ ಡಾಕ್ಟರನ್ನು ಒಮ್ಮೆ ಕೇಳಿ ಇಟ್ಟುಕೊಳ್ಳಿ. ಮೂಗಿನೊಳಗೆ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ, ಅದು ಬೇಡ, ಶ್ವಾಸಕೋಶಕ್ಕೆ ಇಳಿದರೆ ತೊಂದರೆ. ವಿಮಾನ ಏರುವಾಗ, ಇಳಿಯುವಾಗ ಹಾಲು ಕುಡಿಸಿ, ಕಿವಿಗೂ ಒಳ್ಳೆಯದು. ವಿಮಾನದೊಳಗೆ ಒಯ್ಯುವ ಚೀಲದಲ್ಲಿ ದ್ರವಕ್ಕೆ ಇರುವ 100 ಮಿಲಿಯ ನಿಯಮ ಮಗುವಿನ ಹಾಲು, ಆಹಾರಕ್ಕೆ ಇಲ್ಲ, ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ. ಕೇಳಿದರೆ ತೆಗೆದು ತೋರಿಸಿ.

ಕೊಬ್ಬರಿ ಎಣ್ಣೆ ಬಾಟಲಿ ಸೆಕ್ಯುರಿಟಿಯಲ್ಲಿ ತೆಗೆದುಬಿಟ್ಟರು. ಅರ್ಧಕ್ಕಿಂತ ಕಮ್ಮಿ ಇತ್ತು, ಎಷ್ಟು ಹೇಳಿದರೂ ಕೇಳಲಿಲ್ಲ. ಕ್ರೀಮಿಗೂ ಹೀಗೇ ಮಾಡುತ್ತಾರಾ? – ಶಿವಮೊಗ್ಗ

ಅವರು ನೋಡುವುದು ಬಾಟಲಿಯ ಅಳತೆ, ಒಳಗೆ ಎಷ್ಟಿದೆ ಅನ್ನುವುದಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಎರಡು ಚಮಚ ಇದ್ದರೂ ಅದು 200 ಮಿಲಿಯೇ. 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ದ್ರವದ ಬಾಂಬ್ ಸಂಚು ಬಯಲಾದ ಮೇಲೆ ಬಂದ ನಿಯಮ ಇದು. ಎಣ್ಣೆ, ಕ್ರೀಮ್, ಜೆಲ್, ವ್ಯಾಸಲೀನ್ ಎಲ್ಲ ದ್ರವದ ಲೆಕ್ಕವೇ. 100 ಮಿಲಿಯೊಳಗಿನ ಡಬ್ಬಿಗಳು, ಎಲ್ಲ ಸೇರಿ ಒಂದು ಲೀಟರ್‌ನ ಪಾರದರ್ಶಕ ಜಿಪ್ ಚೀಲದಲ್ಲಿ. ಇತ್ತೀಚೆಗೆ ಹೊಸ ಸ್ಕ್ಯಾನರ್ ಬಂದ ಕಡೆ ಸಡಿಲ ಮಾಡುತ್ತಿದ್ದಾರೆ, ಆದರೆ ನೀವು ಎರಡು ಏರ್‌ಪೋರ್ಟ್ ದಾಟಬೇಕು, ಎರಡೂ ಕಡೆ ಸಡಿಲ ಇರುತ್ತದೆ ಎಂದು ನಂಬಬೇಡಿ. ನಿಮಗೆ ಬೇಕಾಗುವುದು ಹೆಬ್ಬೆರಳ ಗಾತ್ರದ ಡಬ್ಬಿ ಅಷ್ಟೇ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕ್ಯಾಬಿನ್ ತಣ್ಣಗಿದ್ದರೆ ಸಣ್ಣ ಬಾಯಿಯ ಬಾಟಲಿಯಿಂದ ಈಚೆಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ.

ಗಂಡಸರಿಗೂ ಇದೆಲ್ಲ ಬೇಕಾ? – ದಾವಣಗೆರೆ

ಗಾಳಿಗೆ ಗಂಡಸು ಹೆಂಗಸು ಗೊತ್ತಾಗುವುದಿಲ್ಲ. ಹೊರಡುವ ದಿನ ಶೇವ್ ಮಾಡಬೇಡಿ, ಹಿಂದಿನ ದಿನ ಮಾಡಿ. ಶೇವ್ ಮಾಡಿದ ಮುಖಕ್ಕೆ ಸ್ಪಿರಿಟ್ ವಾಸನೆಯ ಆಫ್ಟರ್‌ಶೇವ್ ಬಡಿದುಕೊಂಡು ವಿಮಾನ ಹತ್ತುವವರನ್ನು ಕಂಡರೆ ನನಗೇ ಉರಿಯುತ್ತದೆ.

ಅಂತರರಾಷ್ಟ್ರೀಯ ವಿಮಾನದಲ್ಲಿ ಕ್ಯಾಬಿನ್ ಕ್ರೂ ಆಗಿದ್ದೇನೆ. ಮೇಕಪ್ ಕಡ್ಡಾಯ. ಬೆಳಗಿನ ಹೊತ್ತಿಗೆ ಫೌಂಡೇಶನ್ ಗೆರೆ ಗೆರೆ ಬಿಡುತ್ತದೆ, ಕೈ ಅಂತೂ ಸ್ಯಾನಿಟೈಸರ್‌ನಿಂದ ಸುಕ್ಕಾಗಿದೆ, ಕಣ್ಣು ಉರಿ. – ಮಂಗಳೂರು

ಈ ವಿಷಯದಲ್ಲಿ ನಮಗಿಂತ ನಿಮಗೇ ಜಾಸ್ತಿ ಗೊತ್ತಿರಬೇಕು, ಆದರೂ ಕೇಳಿದ್ದೀರಿ. ಕ್ರೀಮ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ, ಆಮೇಲೆ ಫೌಂಡೇಶನ್. ಮ್ಯಾಟ್ ಬೇಡ, ಕಾಂಪ್ಯಾಕ್ಟ್ ಪೌಡರ್ ಮೂಗು ಹಣೆಗೆ ಮಾತ್ರ. ಮ್ಯಾಟ್ ಲಿಪ್‌ಸ್ಟಿಕ್ ಕೆಳಗೆ ಬಾಮ್ ಇರಲೇಬೇಕು. ಮೆಂಥಾಲ್, ಕರ್ಪೂರ ಇರುವ ತಂಪು ತಂಪು ಬಾಮ್ ಬೇಡ, ಅವು ತುಟಿಯನ್ನು ಕೆರಳಿಸುತ್ತವೆ. ತುಟಿ ನೆಕ್ಕುವ ಅಭ್ಯಾಸ ಇದ್ದರೆ ಯಾವ ಬಾಮೂ ಕೆಲಸ ಮಾಡುವುದಿಲ್ಲ.

ಕೈಗೆ ಸೋಪು, ಸ್ಯಾನಿಟೈಸರ್ ತಪ್ಪಿಸಲಾಗದು. ಪ್ರತಿ ಸಲ ಆದ ಮೇಲೆ ಜೇಬಿನ ಹ್ಯಾಂಡ್ ಕ್ರೀಮ್ ಒಂದು ಕಾಳಿನಷ್ಟು, ಬೆರಳ ಸಂದಿಗೂ. ಮನೆಗೆ ಬಂದು ಮಲಗುವಾಗ ದಪ್ಪಗೆ ವ್ಯಾಸಲೀನ್ ಹಚ್ಚಿ ಹತ್ತಿ ಗ್ಲೌಸ್. ಆದರೂ ಕೈ ಒಡೆದು ರಕ್ತ ಬರುತ್ತಿದ್ದರೆ, ಕೆಂಪಾಗಿ ನವೆ ಇದ್ದರೆ ಅದು ಬರೀ ಒಣಗಿದ್ದಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ರಾತ್ರಿ ಪಾಳಿಗೆ ಕನ್ನಡಕ ಹಾಕಲು ಬಿಡುತ್ತಾರಾ ಎಂದು ಕೇಳಿ ನೋಡಿ. ಪ್ರಿಸರ್ವೇಟಿವ್ ಇಲ್ಲದ ಕಣ್ಣಿನ ಡ್ರಾಪ್ಸ್ ಪುಟ್ಟ ಪುಟ್ಟ ಟ್ಯೂಬಿನಲ್ಲಿ ಸಿಗುತ್ತದೆ, ಪದೇ ಪದೇ ಹಾಕುವುದಾದರೆ ಅದೇ ವಾಸಿ.

ನೀವು ಹೇಳುವ ವ್ಯಾಸಲೀನ್ ಎಲ್ಲ ಸರಿ, ಆದರೆ ಇಲ್ಲಿಗೆ ಬಂದು ಇಳಿದ ಅಪ್ಪ ಅಮ್ಮನಿಗೆ ವಾರವಾದರೂ ನವೆ ಕಮ್ಮಿಯಾಗಿಲ್ಲ. ವಿಮಾನದ ಪ್ರಭಾವ ಅಷ್ಟು ದಿನ ಇರುತ್ತದಾ? – ಟೊರೊಂಟೊ

ಇರುವುದಿಲ್ಲ. ಒಂದೆರಡು ದಿನದಲ್ಲಿ ಚರ್ಮ ಸುಧಾರಿಸಿಕೊಳ್ಳುತ್ತದೆ. ನಿಮ್ಮ ಮನೆಯ ಹೀಟರ್ ಸುಧಾರಿಸಿಕೊಳ್ಳಲು ಬಿಡುತ್ತಿಲ್ಲ. ಹೊರಗಿನ ಚಳಿ ಗಾಳಿಯನ್ನು ಬಿಸಿ ಮಾಡಿದರೆ ವಿಮಾನದ ಗಾಳಿಯ ಕಥೆಯೇ ಮತ್ತೆ. ಮೇಲಿಂದ ನಮ್ಮವರು ಚಳಿ ಎಂದು ದಿನಾ ಬೆಳಿಗ್ಗೆ ಸುಡುವ ಶವರ್ ಕೆಳಗೆ ಅರ್ಧ ಗಂಟೆ ನಿಲ್ಲುತ್ತಾರೆ, ಊರಿಂದ ತಂದ ಸೋಪನ್ನು ಮೈ ತುಂಬಾ ಹಚ್ಚುತ್ತಾರೆ. ಸ್ನಾನ ಐದು ಹತ್ತು ನಿಮಿಷಕ್ಕೆ ಇಳಿಸಿ, ಬಾತ್‌ರೂಮಿನಿಂದ ಈಚೆ ಬರುವ ಮುಂಚೆಯೇ ಕ್ರೀಮ್ ಹಚ್ಚಿಕೊಳ್ಳಲು ಹೇಳಿ, ಅವರು ಮಲಗುವ ಕೋಣೆಗೆ ಗಾಳಿಗೆ ತೇವ ಸೇರಿಸುವ ಒಂದು ಹ್ಯೂಮಿಡಿಫೈಯರ್ ಇಡಿ. ಕಾಲಿಗೆ ಯೂರಿಯಾ ಇರುವ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೆರೆದು ಗಾಯವಾದ ಕಡೆ ಹಚ್ಚಬೇಡಿ, ಉರಿಯುತ್ತದೆ. ಇಷ್ಟೆಲ್ಲ ಮಾಡಿ ಎರಡು ವಾರವಾದರೂ ನವೆ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಸಕ್ಕರೆ, ಕಿಡ್ನಿಯಿಂದಲೂ ಮೈ ನವೆ ಬರುತ್ತದೆ. ಊರಿನಿಂದ ತಂದ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.